ಆಗಂತುಕ ಸಸ್ಯಗಳ ನಿದಾನವೂ ನಿವಾರಣೆಯೂ
(ಬೀದರ, ಭಾಲ್ಕಿ, ಔರಾದ ಪ್ರಾಂತದ ದೃಷ್ಟಾಂತದೊಡನೆ)

೧. ವಿಷಯಪ್ರವೇಶ

ವೈದ್ಯಶಾಸ್ತ್ರಕಾರರು ರೋಗಗಳನ್ನು ನಿಜವೆಂದೂ ಆಗಂತುಕವೆಂದೂ ವಿಂಗಡಿಸಿರುವರು. ಶರೀರದೊಳಗಣ ದೋಷವೈಷಮ್ಯದಿಂದ ಹುಟ್ಟತಕ್ಕದ್ದು ನಿಜ. ಹೊರಗಣ ಕಾರಣದಿಂದ ಬಂದೊದಗತಕ್ಕದ್ದು ಆಗಂತುಕ. ಚಿಕಿತ್ಸೆಯ ಮೊದಲ ಮೆಟ್ಟಿಲನ್ನು ಅವರೇ ‘ನಿದಾನಪರಿವರ್ಜನ’ವೆಂದು ಕರೆದರು, ಎಂದರೆ, ರೋಗಕ್ಕೆ ಯಾವುದು ಕಾರಣವೋ ಅದನ್ನು ದೂರವಿಡುವುದು. ಈ ಎರಡು ಮಾತುಗಳೂ ಮನುಷ್ಯದೇಹಕ್ಕೆ ಸಲ್ಲುವಂತೆಯೇ ಭೂಮಿಗೂ ಸಲ್ಲುತ್ತವೆ. ದೂರದೇಶದಲ್ಲಿ ಹುಟ್ಟಿ, ಮನುಷ್ಯನ ಸಂಚಾರ ವ್ಯಾಪಾರಗಳ ಮೂಲಕ ಬೇರೊಂದು ನೆಲವನ್ನು ಸೇರಿ, ಅಲ್ಲಿ ತನ್ನಷ್ಟಕ್ಕೆ ತಾನೇ ಹಬ್ಬಿ, ಆ ನೆಲದ ಹುಲ್ಲು, ಗಿಡ, ಪ್ರಾಣಿಗಳ ಎಡೆಯನ್ನು ಕಸಿದುಕೊಳ್ಳುವ ಜೀವಜಾತಿಗಳು ಉಂಟು. ಇವನ್ನು ಆಕ್ರಮಕ ಆಗಂತುಕಗಳೆಂದು ಕರೆಯಬಹುದು.

ವಿಷಯವು ಅಲ್ಪವಾದುದಲ್ಲ. ೨೦೨೩ರ ಸೆಪ್ಟೆಂಬರಿನಲ್ಲಿ ಐಪಿಬಿಇಎಸ್ ಎಂಬ ಅಂತಾರಾಷ್ಟ್ರೀಯ ವಿದ್ವನ್ಮಂಡಲವು ಪ್ರಕಟಿಸಿದ ವರದಿಯ ಪ್ರಕಾರ, ಮನುಷ್ಯವ್ಯವಹಾರದಿಂದ ಸ್ಥಳಾಂತರ ಹೊಂದಿ ಹೊಸ ನೆಲದಲ್ಲಿ ಬೇರೂರಿದ ಜೀವಜಾತಿಗಳು ಲೋಕದಲ್ಲಿ ೩೭,೦೦೦ಕ್ಕೆ ಮೇಲ್ಪಟ್ಟಿವೆ. ಅವುಗಳಲ್ಲಿ ಹಾನಿಕರವಾದವು ೩,೫೦೦ಕ್ಕೂ ಹೆಚ್ಚು. ಅವುಗಳಿಂದಾದ ನಷ್ಟವು ೨೦೧೯ರಲ್ಲಿ ವರ್ಷವೊಂದಕ್ಕೆ ೪೨,೩೦೦ ಕೋಟಿ ಡಾಲರುಗಳನ್ನು ಮೀರಿತ್ತು. ಬಂದ ಮೇಲೆ ಅಟ್ಟುವುದಕ್ಕಿಂತ ಬಾರದಂತೆ ತಡೆಯುವುದೇ ಸುಲಭವೂ ಅಲ್ಪವ್ಯಯಸಾಧ್ಯವೂ ಆದುದೆಂಬುದು ಆ ವರದಿಯ ಮುಖ್ಯ ನಿರ್ಣಯಗಳಲ್ಲೊಂದು. ಪೂರ್ವಿಕರ ನಿದಾನಪರಿವರ್ಜನವೂ ಇದೇ ಆಗಿದೆ.

ಆದರೆ ತಡೆಯತಕ್ಕವರು ಯಾರು? ಬಂದರುಗಳಲ್ಲಿ ಪರೀಕ್ಷೆ ನಡೆಸುವುದು ಸರಕಾರದ ಕೆಲಸ. ಅದಕ್ಕೆ ೨೦೦೩ರ ಸಸ್ಯಪ್ರತಿಬಂಧಕಾಜ್ಞೆ ಇದೆ. ಒಳನಾಡಿಗೆ ಬಂದ ಬೀಜವು ಊರಿಂದ ಊರಿಗೆ, ಹೊಲದಿಂದ ಹೊಲಕ್ಕೆ ಸಾಗುವುದಾದರೋ ಜನಸಾಮಾನ್ಯರ ಕಾಲು, ಗಾಡಿ, ಚೀಲ, ದನಗಳ ಮೂಲಕ. ವಾಹಕರು ಯಾರೋ ತಡೆಯಬಲ್ಲವರೂ ಅವರೇ. ಈ ಮಾತನ್ನು ಕರ್ನಾಟಕದ ಉತ್ತರದ ತುದಿಯ ಬೀದರ ನಗರ, ಭಾಲ್ಕಿ, ಔರಾದ ಪ್ರಾಂತದಲ್ಲಿ, ಎಲ್ಲರೂ ಕಂಡಿರುವ ಒಂದು ಗಿಡವನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಈ ಲೇಖನದ ಉದ್ದೇಶ.

೨. ಹೆಸರುಗಳ ವಿಚಾರ

ಆ ಗಿಡವನ್ನು ಕನ್ನಡಿಗರು ಕಾಂಗ್ರೆಸ್ ಗಿಡವೆನ್ನುವರು. ಮರಾಠಿಯವರು ‘ಗಾಜರ ಗವತ’ವೆಂದೂ, ಹಿಂದಿಯವರು ‘ಗಾಜರ ಘಾಸ್’ ಎಂದೂ, ತೆಲುಗರು ‘ವಯ್ಯಾರಿಭಾಮ’ವೆಂದೂ ಹೇಳುವರು. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಪಾರ್ಥೇನಿಯಂ ಹಿಸ್ಟರೋಫೋರಸ್. ಹೆಸರಿಟ್ಟವನು ಲಿನ್ನೇಯಸ್, ೧೭೫೩ರಲ್ಲಿ. ಕನ್ನಡ, ಮರಾಠಿ, ಉರ್ದು, ತೆಲುಗುಗಳು ಒಂದೇ ಸಂತೆಯಲ್ಲಿ ಕಿವಿಗೆ ಬೀಳುವ ಬೀದರ ಜಿಲ್ಲೆಯಲ್ಲಿ ಈ ಹೆಸರುಗಳೆಲ್ಲವೂ ಒಂದೇ ಗಿಡಕ್ಕೆ ಸಲ್ಲುವುವೆಂದು ತಿಳಿಸಿಕೊಡುವುದು ಅನಾವಶ್ಯಕವಾದ ಪಾಂಡಿತ್ಯವಲ್ಲ. ಒಂದು ಭಾಷೆಯಲ್ಲಿ ಕೊಟ್ಟ ಎಚ್ಚರಿಕೆ ಇನ್ನೊಂದು ಭಾಷೆಯವರಿಗೆ ಮುಟ್ಟದಿದ್ದರೆ, ಒಂದು ಹೊಲದಲ್ಲಿ ಕಿತ್ತ ಗಿಡ ಬದುವಿನಾಚೆ ಉಳಿಯುತ್ತದೆ.

ಮರಾಠಿಯ ಹೆಸರು ಗಿಡದ ರೂಪವನ್ನು ಹೇಳುತ್ತದೆ: ಎಲೆಯು ಗಜ್ಜರಿಯ ಎಲೆಯಂತೆ ಸೀಳುಸೀಳಾಗಿರುವುದು. ತೆಲುಗಿನ ಹೆಸರು ಅದರ ಬೆಡಗನ್ನು ಹೇಳುತ್ತದೆ. ಕನ್ನಡದ ಹೆಸರಿಗೆ ಜನರು ಎರಡು ಬಗೆಯ ನಿರುಕ್ತಿಯನ್ನು ಹೇಳುವುದುಂಟು. ಬಿಳಿಯ ಹೂವಿನ ತುದಿಗಳು ಕಾಂಗ್ರೆಸ್ಸಿಗರ ಬಿಳಿಯ ಟೊಪ್ಪಿಗೆಯಂತೆ ಕಾಣುವುದರಿಂದ ಈ ಹೆಸರೆಂಬುದು ಒಂದು. ಅಮೆರಿಕೆಯ ಕಾಂಗ್ರೆಸ್ ಸಭೆಯು ಕಳುಹಿಸಿದ ಗೋದಿಯೊಡನೆ ಬಂದುದರಿಂದ ಈ ಹೆಸರೆಂಬುದು ಇನ್ನೊಂದು. ಎರಡನೆಯದರಲ್ಲಿ ಗಿಡವು ಕಡಲಾಚೆಯಿಂದ ಬಂದಿತೆಂಬ ನೆನಪು ಉಳಿದಿದೆ.

ಎಲ್ಲ ಹೆಸರುಗಳೂ ಹೀಗೆ ಸತ್ಯವನ್ನು ಸೂಚಿಸುವುದಿಲ್ಲ, ಕೆಲವು ಮರೆಮಾಡುವುವು. ಬಳ್ಳಾರಿ ಜಾಲಿಯೆಂಬ ಮುಳ್ಳುಮರವು ಬಳ್ಳಾರಿಯದಲ್ಲ, ಅಮೆರಿಕಾಖಂಡದ್ದು. ಉರುವಲಿಗೂ ಬರಡು ನೆಲಕ್ಕೂ ಒಳ್ಳೆಯದೆಂದು ೧೯ನೆಯ ಶತಮಾನದ ಉತ್ತರಾರ್ಧದಲ್ಲಿ ಇದನ್ನು ಈ ದೇಶಕ್ಕೆ ತಂದರು. ಇದಕ್ಕೇ ಇರುವ ‘ಸೀಮೆಜಾಲಿ’ ಎಂಬ ಇನ್ನೊಂದು ಹೆಸರು ಹೆಚ್ಚು ಪ್ರಾಮಾಣಿಕವಾದುದು. ಏಕೆಂದರೆ ಸೀಮೆಎಣ್ಣೆ, ಸೀಮೆಸುಣ್ಣಗಳಲ್ಲಿರುವಂತೆ ‘ಸೀಮೆ’ ಎಂಬ ಪೂರ್ವಪದವು ಹೊರನಾಡಿನಿಂದ ಬಂದುದೆಂಬುದನ್ನು ತಿಳಿಸುತ್ತದೆ. ಇನ್ನು ಕೆರೆಗಳನ್ನು ಮುಚ್ಚುವ, ನೇರಿಳೆ ಬಣ್ಣದ ಹೂಬಿಡುವ ಜಲಸಸ್ಯವನ್ನು ಜನರು ಅಂತರಗಂಗೆಯೆನ್ನುವರು. ಆದರೆ ಅಂತರಗಂಗೆಯೆಂಬುದು ಅಮರಕೋಶದ ವಾರಿಪರ್ಣೀ ಅಥವಾ ಕುಂಭಿಕಾ ಎಂಬ ಬೇರೊಂದು ನೀರುಗಿಡಕ್ಕೆ ಸಲ್ಲತಕ್ಕ ಹೆಸರು. ದಕ್ಷಿಣ ಅಮೆರಿಕೆಯಿಂದ ಬಂದ ಗಿಡವು ಆ ಹೆಸರನ್ನೂ ಆಕ್ರಮಿಸಿದೆ. ನಿಘಂಟನ್ನು ನೋಡಿ ಔಷಧವನ್ನು ಹುಡುಕಹೊರಟವನು ಮೋಸಹೋಗುವುದು ಇಂತಹ ಎಡೆಯಲ್ಲಿಯೇ.

೩. ಬಂದ ಬಗೆ

ಕಾಂಗ್ರೆಸ್ ಗಿಡದ ಮೂಲವು ಮೆಕ್ಸಿಕೋ ಕೊಲ್ಲಿಯ ಸುತ್ತಣ ಅಮೆರಿಕೆಯ ಉಷ್ಣಪ್ರದೇಶ. ೧೮೧೪ರಲ್ಲಿ ಅಚ್ಚಾದ ರಾಕ್ಸ್‌ಬರ್ಗನ ‘ಹಾರ್ಟಸ್ ಬೆಂಗಾಲೆನ್ಸಿಸ್’ ಎಂಬ ಪಟ್ಟಿಯಲ್ಲಿಯೇ ಪಾರ್ಥೇನಿಯಂ ಹೆಸರು ಕಾಣುವುದಾದರೂ, ಅದು ದೇಶದಲ್ಲಿ ಹರಡಿದ ಚರಿತ್ರೆಯನ್ನು ಪುಣೆಯಿಂದ ಆರಂಭಿಸುವುದು ರೂಢಿ. ೧೯೫೫ರಲ್ಲಿ ಅಲ್ಲಿ ಕಂಡ ಗಿಡವನ್ನು ಆರ್. ಎಸ್. ರಾವ್ ಎಂಬವರು ೧೯೫೬ರಲ್ಲಿ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ವರ್ಣಿಸಿದರು.

‘ಪಿ. ಎಲ್. ೪೮೦’ರ ಗೋದಿಯೊಡನೆ ಈ ಬೀಜ ಬಂದಿತೆಂದು ಪುಸ್ತಕಗಳಲ್ಲಿ ಮೇಲಿಂದ ಮೇಲೆ ಬರೆದಿರುವುದುಂಟು. ಇಲ್ಲಿ ಕಾಲವಿಚಾರವು ಅವಶ್ಯಕ. ಆ ಕಾನೂನು ಅಮೆರಿಕೆಯಲ್ಲಿ ಆದುದು ೧೯೫೪ರಲ್ಲಿ; ಭಾರತದೊಡನೆ ಅದರ ಮೊದಲ ಒಪ್ಪಂದವಾದುದು ೧೯೫೬ರ ಆಗಸ್ಟಿನಲ್ಲಿ. ೧೯೫೫ರಲ್ಲಿಯೇ ಕಂಡ ಗಿಡಕ್ಕೆ ೧೯೫೬ರ ಒಪ್ಪಂದವು ಕಾರಣವಾಗಲಾರದು. ಆದರೆ ಅದಕ್ಕೂ ಮೊದಲು, ೧೯೫೧ರಲ್ಲಿ, ಅಮೆರಿಕೆಯು ಧಾನ್ಯಕ್ಕಾಗಿ ಭಾರತಕ್ಕೆ ಸಾಲ ಕೊಟ್ಟಿತ್ತು. ಆದಕಾರಣ ಧಾನ್ಯದ ಚೀಲದೊಳಗೆ ಬೀಜ ಬಂದಿತೆಂಬ ಮಾತಿಗೆ ಬಾಧಕವಿಲ್ಲ. ಒಪ್ಪಂದದ ಹೆಸರನ್ನು ಮಾತ್ರ ಎಚ್ಚರಿಕೆಯಿಂದ ಹೇಳತಕ್ಕದ್ದು. ಯಾವ ಪಕ್ಷವನ್ನು ಹಿಡಿದರೂ ಫಲಿತಾಂಶ ಒಂದೇ: ತಿಳಿದು ತಂದವರು ಯಾರೂ ಇಲ್ಲ, ಶೋಧಿಸದೆ ತಂದ ಕಾಳಿನಲ್ಲಿ ಅದು ಅಡಗಿತ್ತು.

೧೯೫೬ರ ನವೆಂಬರ್ ೧ರಂದು ಹೈದರಾಬಾದು ಸಂಸ್ಥಾನವು ಭಾಷಾನುಸಾರವಾಗಿ ಹಂಚಿಹೋಗಿ ಬೀದರವು ಮೈಸೂರು ರಾಜ್ಯಕ್ಕೆ ಸೇರಿತು. ಮನುಷ್ಯರು ಎಲ್ಲೆಗಳನ್ನು ಎಳೆಯುತ್ತಿದ್ದ ಆ ದಿನಗಳಲ್ಲಿಯೇ ಎಲ್ಲೆಯನ್ನರಿಯದ ಈ ಗಿಡವು ದಖ್ಖನದಲ್ಲಿ ಹೆಜ್ಜೆಯಿಟ್ಟಿತು. ಬೀದರ ಜಿಲ್ಲೆಯ ಪಶ್ಚಿಮೋತ್ತರಗಳಲ್ಲಿ ಮಹಾರಾಷ್ಟ್ರವೂ ಪೂರ್ವದಲ್ಲಿ ತೆಲಂಗಾಣವೂ ಇರುವುವು. ಬೀಡ ಜಿಲ್ಲೆಯ ಬಾಲಾಘಾಟ ಬೆಟ್ಟಗಳಲ್ಲಿ ಹುಟ್ಟುವ ಮಾಂಜ್ರಾ ನದಿಯು ಭಾಲ್ಕಿ, ಔರಾದ ಸೀಮೆಗಳನ್ನು ಹಾಯ್ದು ತೆಲಂಗಾಣಕ್ಕೆ ಹೋಗಿ ಗೋದಾವರಿಯನ್ನು ಸೇರುವುದು. ಪರಳಿಯಿಂದ ವಿಕಾರಾಬಾದಿನವರೆಗಣ ರೈಲುದಾರಿಯು ಭಾಲ್ಕಿ, ಬೀದರಗಳನ್ನು ಮುಟ್ಟುತ್ತದೆ. ಕಲಬುರಗಿಯ ದಾರಿ ೨೦೧೭ರಲ್ಲಿ ತೆರೆಯಿತು. ನೀರು, ರೈಲು, ಹೆದ್ದಾರಿಗಳೆಂಬ ಮೂರು ದಾರಿಗಳೂ ಕೂಡುವ ಇಂತಹ ಪ್ರಾಂತವು ಆಗಂತುಕಗಳಿಗೆ ತೆರೆದ ಬಾಗಿಲು.

೪. ಲಕ್ಷಣವೂ ಹಾನಿಯೂ

ಮೊಳೆತ ಗಿಡವು ಮೊದಲು ಎಲೆಗಳನ್ನು ನೆಲಕ್ಕೆ ಹಾಸಿ ಚಕ್ರಾಕಾರವಾಗಿ ಹರಡಿರುವುದು. ಆಮೇಲೆ ಗೀರುಗೀರಾದ ಕಾಂಡವು ಮೇಲಕ್ಕೆದ್ದು, ಮನುಷ್ಯನ ಎದೆಯೆತ್ತರಕ್ಕೂ ಬೆಳೆದು, ತುದಿಗಳಲ್ಲಿ ಕಾಳುಗಾತ್ರದ ಬಿಳಿಯ ಹೂಗಳನ್ನು ಬಿಡುವುದು. ಮೊಳೆತ ನಾಲ್ಕಾರು ವಾರಗಳಲ್ಲಿಯೇ ಹೂ ಕಾಣಿಸುವುದು. ಚೆನ್ನಾಗಿ ಬೆಳೆದ ಒಂದು ಗಿಡದಿಂದ ಹತ್ತು ಸಾವಿರಕ್ಕೂ ಮೇಲ್ಪಟ್ಟು ಬೀಜಗಳಾಗುವುವು. ಬೀಜವು ಅತಿ ಸಣ್ಣದು, ಹಗುರವಾದುದು. ಕೆಸರಿನಲ್ಲಿ ಅಂಟುವುದು, ನೀರಿನಲ್ಲಿ ತೇಲುವುದು, ಮಣ್ಣಿನಲ್ಲಿ ಹುದುಗಿದ್ದು ವರ್ಷಗಳ ಮೇಲೂ ಮೊಳೆಯಬಲ್ಲುದು.

ಇದರ ರಸದಲ್ಲಿರುವ ಪಾರ್ಥೆನಿನ್ ಎಂಬ ದ್ರವ್ಯವು ಕೆಲವರ ಚರ್ಮದಲ್ಲಿ ತುರಿಕೆ, ಕೆಂಪು, ಬಿರುಕುಗಳನ್ನುಂಟುಮಾಡುವುದು. ಪರಾಗವು ಸೀನು, ದಮ್ಮುಗಳಿಗೆ ಕಾರಣವಾಗುವುದು. ದನಗಳು ಇದನ್ನು ತಿನ್ನಲೊಲ್ಲವು. ಮೇವಿನೊಡನೆ ಬೆರೆತು ಹೊಟ್ಟೆ ಸೇರಿದರೆ ಹಾಲು ಕಹಿಯಾಗುವುದು. ಇಲ್ಲಿಯೇ ಅದರ ಗೆಲುವಿನ ಗುಟ್ಟೂ ಇದೆ: ದನಗಳು ಒಳ್ಳೆಯ ಹುಲ್ಲನ್ನು ಮೇಯ್ದು ಇದನ್ನು ಬಿಡುವುದರಿಂದ, ಹೆಚ್ಚು ಮೇಯಿಸಿದ ಬಯಲಿನಲ್ಲಿ ಪ್ರತಿಸ್ಪರ್ಧಿಯಿಲ್ಲದೆ ಇದೊಂದೇ ಉಳಿಯುವುದು.

ನೆರೆಯ ಲಾತೂರು ಜಿಲ್ಲೆಯ ದೇವಣಿಯಿಂದ ಹೆಸರು ಪಡೆದ, ಬೀದರ ಸೀಮೆಯ ಹೆಮ್ಮೆಯಾದ ದೇವಣಿ ತಳಿಯ ದನಗಳಿಗೆ ಈ ಬಯಲೇ ಆಧಾರ. ಔರಾದ, ಭಾಲ್ಕಿ ಭಾಗದ ಹುಲ್ಲುಗಾವಲುಗಳಲ್ಲಿ ಕೃಷ್ಣಮೃಗಗಳು ಇಂದಿಗೂ ಸಂಚರಿಸುವುವು. ಕೃಷ್ಣಮೃಗವು ಸ್ವಭಾವತಃ ಸಂಚರಿಸುವ ದೇಶವು ಯಜ್ಞಕ್ಕೆ ಯೋಗ್ಯವೆಂದು ಧರ್ಮಶಾಸ್ತ್ರಕಾರರು ಹೇಳಿದರು. ನೆಲದ ಯೋಗ್ಯತೆಯನ್ನು ಅಲ್ಲಿ ನೆಮ್ಮದಿಯಿಂದ ಬದುಕುವ ಮೃಗದಿಂದ ಅಳೆಯುವ ದೃಷ್ಟಿ ಅದರಲ್ಲಿದೆ. ಹುಲ್ಲು ಹೋದರೆ ಆ ಮೃಗಕ್ಕೂ ಎಡೆಯಿಲ್ಲ.

೫. ಆಕ್ಷೇಪ, ಸಮಾಧಾನ

ಇಲ್ಲಿ ಕೆಲವು ಆಕ್ಷೇಪಗಳು ಹುಟ್ಟುವುವು. ಮೊದಲನೆಯದು: “ಮೆಣಸಿನಕಾಯಿ, ಶೇಂಗಾ, ಸೀತಾಫಲಗಳೂ ಅಮೆರಿಕೆಯಿಂದಲೇ ಬಂದುವಷ್ಟೆ, ಅವನ್ನು ಆದರಿಸಿ ಇದನ್ನು ಮಾತ್ರ ದ್ವೇಷಿಸುವುದು ಯಾವ ನ್ಯಾಯ?” ಸಮಾಧಾನ: ದೋಷವು ಹುಟ್ಟಿದ ನಾಡಿನಲ್ಲಿಲ್ಲ, ನಡತೆಯಲ್ಲಿದೆ. ಮೇಲೆ ಹೇಳಿದ ೩೭,೦೦೦ ಜಾತಿಗಳಲ್ಲಿ ಹಾನಿಕರವಾದವು ಸುಮಾರು ಹತ್ತರಲ್ಲೊಂದು ಪಾಲು ಮಾತ್ರ. ಮೆಣಸಿನ ಗಿಡವು ಒಕ್ಕಲಿಗನು ನೆಟ್ಟಲ್ಲಿ ನಿಲ್ಲುವ ಅತಿಥಿ. ಕಾಂಗ್ರೆಸ್ ಗಿಡವು ಕರೆಯದೆ ಬಂದು ಮನೆಯವರನ್ನು ಹೊರಡಿಸುವ ಅತಿಥಿ.

ಎರಡನೆಯದು: “ಊರೆಲ್ಲ ಹಬ್ಬಿರುವಾಗ ಒಬ್ಬನು ಕಿತ್ತರೆ ಏನಾಯಿತು?” ನಿರ್ಮೂಲನವೇ ಗುರಿಯಾದರೆ ಈ ಆಕ್ಷೇಪವು ಸರಿ. ಆದರೆ ಇಲ್ಲಿನ ಗುರಿ ನಿರ್ಮೂಲನವಲ್ಲ, ಸೀಮಾರಕ್ಷಣೆ. ಬೀಜಗಳಲ್ಲಿ ಬಹುಭಾಗವು ತಾಯಿಗಿಡದ ಸಮೀಪದಲ್ಲಿಯೇ ಬೀಳುವುದು. ದೂರ ಹೋಗತಕ್ಕದ್ದು ಹೆಚ್ಚಾಗಿ ಹೊತ್ತವರಿಂದಲೇ. ಆದುದರಿಂದ ಒಂದು ಹೊಲವನ್ನು, ಒಂದು ಶಾಲೆಯ ಅಂಗಳವನ್ನು, ಇನ್ನೂ ಶುದ್ಧವಾಗಿರುವ ಒಂದು ಹುಲ್ಲುಗಾವಲನ್ನು ಕಾಯುವುದು ಒಬ್ಬೊಬ್ಬರಿಂದಲೂ ಸಾಧ್ಯ. ಕಾದಷ್ಟು ನೆಲ ಉಳಿಯಿತೆಂದೇ ಲೆಕ್ಕ.

ಮೂರನೆಯದು: “ಕಾನೂನು ಮಾಡಿದರೆ ಸಾಲದೆ?” ಕರ್ನಾಟಕ ಸರಕಾರವು ೧೯೭೫ರಲ್ಲಿಯೇ, ೧೯೬೮ರ ಕೃಷಿಪೀಡೆಗಳ ಅಧಿನಿಯಮದ ಮೇರೆಗೆ, ಈ ಗಿಡವನ್ನು ಪೀಡೆಯೆಂದು ಸಾರಿತು. ಗಿಡವು ಅದರ ಮೇಲೂ ಹಬ್ಬಿತು. ಕಾನೂನು ಹೊಲದ ಬದುವಿನವರೆಗೆ ನಡೆದು ಬರುವುದಿಲ್ಲ. ಅಲ್ಲಿಗೆ ನಡೆಯತಕ್ಕವನು ಹೊಲದವನು.

೬. ಜನಸಾಮಾನ್ಯರು ಮಾಡತಕ್ಕದ್ದು

ಮೊದಲನೆಯದು, ಕಾಲವನ್ನರಿತು ಕೀಳುವುದು. ಹೂಬಿಡುವ ಮೊದಲು ಬೇರುಸಹಿತವಾಗಿ ಕಿತ್ತ ಗಿಡದಿಂದ ಒಂದು ಬೀಜವೂ ಹುಟ್ಟದು. ಹೂಬಿಟ್ಟ ಮೇಲೆ ಕಿತ್ತರೆ ಕೀಳುವವನೇ ಬಿತ್ತುವವನಾಗಬಹುದು. ಆಗಸ್ಟ್ ೧೬ರಿಂದ ೨೨ರವರೆಗೆ ಪಾರ್ಥೇನಿಯಂ ಜಾಗೃತಿಸಪ್ತಾಹವನ್ನು ದೇಶದಲ್ಲಿ ಆಚರಿಸುವುದುಂಟು. ಅದು ಮಘೆಯ ಮಳೆ ಹೂಡುವ ಕಾಲ. ಬೀದರ ಸೀಮೆಯ ಒಕ್ಕಲಿಗರು ‘ಮಿರಗ’ವೆನ್ನುವ ಮೃಗಶಿರೆಯ ಮಳೆಗೆ, ಜೂನ್ ಮೊದಲ ವಾರದ ಕೊನೆಯಲ್ಲಿ ಮೊಳೆತ ಗಿಡವು ಅಷ್ಟು ಹೊತ್ತಿಗೆ ಹೂಬಿಟ್ಟು ಬೀಜ ಕಟ್ಟಿಯೇ ಇರುವುದು. ಸಪ್ತಾಹವು ಜನರನ್ನು ಎಚ್ಚರಿಸಲು ಒಳ್ಳೆಯದೇ. ಕೆಲಸಕ್ಕೆ ಮಾತ್ರ ಅದನ್ನು ಕಾಯಬಾರದು. ಮಳೆಯ ಒಂದೊಂದು ನಕ್ಷತ್ರಕ್ಕೆ ಹದಿಮೂರು ಹದಿನಾಲ್ಕು ದಿನ; ಎರಡು ನಕ್ಷತ್ರ ಕಳೆದರೆ ನಾಲ್ಕು ವಾರ. ಆದಕಾರಣ ‘ಎರಡು ಮಳೆಗೊಮ್ಮೆ’ ಬದುವನ್ನು ಸುತ್ತಿ ಬಂದರೆ ಯಾವ ಗಿಡಕ್ಕೂ ಬೀಜ ಕಟ್ಟಲು ಅವಕಾಶ ಸಿಕ್ಕದು. ಮೃಗಶಿರೆ, ಆರಿದ್ರೆಗಳು ಮುಗಿದೊಡನೆ ಒಮ್ಮೆ, ಪುನರ್ವಸು, ಪುಷ್ಯಗಳು ಮುಗಿದೊಡನೆ ಇನ್ನೊಮ್ಮೆ, ಹೀಗೆಯೇ ಮುಂದಕ್ಕೆ. ಪಂಚಾಂಗವನ್ನು ಬಲ್ಲ ಒಕ್ಕಲಿಗನಿಗೆ ಇದಕ್ಕಿಂತ ಸುಲಭವಾದ ಲೆಕ್ಕ ಬೇಡ.

ಕೀಳುವಾಗ ನೆಲ ಹಸಿಯಾಗಿರಬೇಕು. ಒಣನೆಲದಲ್ಲಿ ಎಳೆದರೆ ಕಾಂಡ ಮುರಿದು ಬುಡ ಮತ್ತೆ ಚಿಗುರುವುದು. ಕೈಗೆ ಕೈಚೀಲವನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಕಟ್ಟಿಕೊಂಡು ಮೂಗುಬಾಯಿಗಳಿಗೆ ಬಟ್ಟೆ ಸುತ್ತಿಕೊಳ್ಳತಕ್ಕದ್ದು. ದಮ್ಮು, ಚರ್ಮರೋಗಗಳುಳ್ಳವರೂ ಮಕ್ಕಳೂ ಈ ಕೆಲಸಕ್ಕೆ ಇಳಿಯಬಾರದು. ಹೂಬಿಡದ ಗಿಡವನ್ನು ತಿಪ್ಪೆಗೆ ಹಾಕಿ ಗೊಬ್ಬರ ಮಾಡಬಹುದು. ಹೂಬಿಟ್ಟುದನ್ನು ತಿಪ್ಪೆಗೆ ಹಾಕದೆ, ಅಲುಗಿಸದೆ ಚೀಲದಲ್ಲಿ ತುಂಬಿ, ಆಳವಾದ ಗುಂಡಿಯಲ್ಲಿ ಹೂಳತಕ್ಕದ್ದು.

ಎರಡನೆಯದು, ವಾಹನಶುದ್ಧಿ. ಸೋಯಾ, ಕಡಲೆ, ತೊಗರಿಗಳ ರಾಶಿಯ ಕಾಲದಲ್ಲಿ ಯಂತ್ರಗಳು ಹೊಲದಿಂದ ಹೊಲಕ್ಕೆ, ಹಲವು ಸಲ ರಾಜ್ಯದಿಂದ ರಾಜ್ಯಕ್ಕೆ ಹೋಗುವುವು. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನಲ್ಲಿ ಇದೇ ಗಿಡದ ಭಯದಿಂದ ವಾಹನಗಳನ್ನು ತೊಳೆಯುವ ಕಟ್ಟೆಗಳನ್ನು ನಿರ್ಮಿಸಿದ್ದಾರೆ. ಅಷ್ಟು ಸಾಧ್ಯವಿಲ್ಲದಿದ್ದರೂ, ಹೊರಗಿನ ಯಂತ್ರವನ್ನು ಹೊಲಕ್ಕಿಳಿಸುವ ಮೊದಲು ಗಾಲಿ, ಹಲ್ಲು, ಜರಡಿಗಳ ಮಣ್ಣನ್ನು ಕೆರೆದು ಝಾಡಿಸಬೇಕೆಂದು ಕೇಳುವ ಹಕ್ಕು ಹಣ ಕೊಡುವ ಒಕ್ಕಲಿಗನಿಗೆ ಇದೆ. ಕೆಸರಾದ ಚಪ್ಪಲಿಗೂ ಎತ್ತಿನ ಗೊರಸಿಗೂ ಇದೇ ನಿಯಮ. ಮನೆ ಕಟ್ಟಲು ತರುವ ಮಣ್ಣುಮರಳುಗಳಲ್ಲಿಯೂ ಕೊಂಡುತರುವ ಗೊಬ್ಬರದಲ್ಲಿಯೂ ಬೀಜ ಬರುವುದರಿಂದ, ಅವನ್ನು ಸುರಿದ ಜಾಗದ ಮೇಲೆ ಒಂದು ಮಳೆಗಾಲ ಕಣ್ಣಿಡತಕ್ಕದ್ದು.

ಮೂರನೆಯದು, ಬೀಜಶುದ್ಧಿ. ಗಿಡವು ಶೋಧಿಸದ ಕಾಳಿನಲ್ಲಿಯೇ ದೇಶಕ್ಕೆ ಬಂದಿತೆಂಬುದನ್ನು ನೆನೆದರೆ, ಬಿತ್ತನೆಯ ಕಾಳನ್ನು ಜರಡಿ ಹಿಡಿಯುವ ಹಳೆಯ ಪದ್ಧತಿಯ ಬೆಲೆ ತಿಳಿಯುವುದು.

ನಾಲ್ಕನೆಯದು, ನೆಲವನ್ನು ಬರಿದಾಗಿ ಬಿಡದಿರುವುದು. ಖಾಲಿ ನಿವೇಶನ, ರಸ್ತೆಯಂಚು, ಅಗೆದ ಕಾಲುವೆಗಳಲ್ಲಿ ಮೊದಲು ಬರುವುದು ಇದೇ ಗಿಡ. ಮಳೆಗೆ ಮುಂಚೆ ಅಂತಹ ಎಡೆಗಳಲ್ಲಿ ತಗಚೆಯ ಬೀಜವನ್ನು ಎರಚಿದರೆ, ಅದು ದಟ್ಟವಾಗಿ ಬೆಳೆದು ಇದನ್ನು ಹತ್ತಿಕ್ಕುವುದೆಂದು ಕೃಷಿಪಂಡಿತರು ಹೇಳುವರು. ಈ ತಗಚೆಯೇ ಸಂಸ್ಕೃತದ ಚಕ್ರಮರ್ದ. ಅಮರಕೋಶದ ವನೌಷಧಿವರ್ಗದಲ್ಲಿ ಇದಕ್ಕೆ ‘ದದ್ರುಘ್ನ’ವೆಂದೂ ಹೆಸರಿದೆ, ಚರ್ಮದ ಹುಳುಕಡ್ಡಿಯನ್ನು ಹೋಗಲಾಡಿಸತಕ್ಕದ್ದೆಂದು ಅರ್ಥ. ಚರ್ಮವನ್ನು ಕೆಡಿಸುವ ಆಗಂತುಕವನ್ನು ತಡೆಯಲು ಚರ್ಮರೋಗಹರವೆಂದೇ ಹೆಸರು ಪಡೆದ ಗಿಡವು ಒದಗಿರುವುದು ವಿಶೇಷ. ಇದೇ ಕೆಲಸಕ್ಕೆ ಹೇಳುವ ಇನ್ನೊಂದು ಜಾತಿಯ ತಗಚೆಯು ಅಮೆರಿಕೆಯದು. ಒಂದು ಆಗಂತುಕವನ್ನು ಕಳೆಯಲು ಇನ್ನೊಂದನ್ನು ಬಿತ್ತದೆ ನಾಡಿನದನ್ನೇ ಆರಿಸುವುದು ಲೇಸು.

ಐದನೆಯದು, ಮಿತ್ರಕೀಟವನ್ನು ಕೊಲ್ಲದಿರುವುದು. ಮೆಕ್ಸಿಕೋ ದೇಶದಿಂದ ೧೯೮೩ರಲ್ಲಿ ತರಿಸಿ, ಪರೀಕ್ಷಿಸಿ, ೧೯೮೪ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಜೈಗೋಗ್ರಾಮ ಎಂಬ ಪಟ್ಟೆಪಟ್ಟೆಯ ಸಣ್ಣ ಜೀರುಂಡೆಯು ಮಳೆಗಾಲದಲ್ಲಿ ಈ ಗಿಡದ ಎಲೆಯನ್ನು ತಿಂದು ಬೋಳಿಸುವುದು. ೧೯೯೦ರ ದಶಕದ ಆದಿಯಲ್ಲಿ ಇದು ಸೂರ್ಯಕಾಂತಿಯನ್ನೂ ತಿನ್ನುವುದೆಂಬ ಸಂದೇಹ ಹುಟ್ಟಿ, ಪರಿಶೀಲನೆ ನಡೆದು, ಆಮೇಲೆ ಸಂದೇಹವು ತೀರಿತು. ಕೀಟದಿಂದ ಗಿಡವನ್ನು ಗೆದ್ದುದಕ್ಕೆ ಹಿಂದಿನ ನಿದರ್ಶನವೂ ಉಂಟು: ದಕ್ಷಿಣ ದೇಶದ ಪಾಪಾಸುಕಳ್ಳಿಯ ಪೊದೆಗಳನ್ನು ೧೯೨೬ರಲ್ಲಿ ಸಿಂಹಳದಿಂದ ತಂದ ಕೀಟವು ಕೆಲವೇ ವರ್ಷಗಳಲ್ಲಿ ಅಡಗಿಸಿತು. ಆದರೆ ಹೊಸ ಕೀಟವನ್ನು ತರುವುದು ವಿಜ್ಞಾನಿಗಳ ಕೆಲಸ. ಬಂದಿರುವುದನ್ನು ಗುರುತಿಸಿ ಉಳಿಸುವುದು ಜನರದು.

ಆರನೆಯದು, ಉಳಿದ ಆಗಂತುಕಗಳ ವಿಷಯ. ಮನೆಯ ಗಾಜಿನ ತೊಟ್ಟಿಯ ಮೀನನ್ನೂ ನೀರುಗಿಡವನ್ನೂ ಬೇಸರವಾದಾಗ ಭಾಲ್ಕಿಯ ಕಾರಂಜಾ ಜಲಾಶಯಕ್ಕಾಗಲಿ, ಊರ ಕೆರೆಬಾವಿಗಳಿಗಾಗಲಿ ಸುರಿಯಬಾರದು. ಬಳ್ಳಾರಿ ಜಾಲಿಯ ಕಾಯನ್ನು ತಿಂದ ದನಕುರಿಗಳ ಹಿಕ್ಕೆಯಲ್ಲಿ ಬೀಜ ಕೆಡದೆ ಹೊರಬರುವುದರಿಂದ, ಕಾಯಿ ಉದುರುವ ಕಾಲದಲ್ಲಿ ಮಂದೆಯನ್ನು ಆ ಪೊದೆಗಳಿಂದ ನೇರವಾಗಿ ಶುದ್ಧವಾದ ಗಾವಲಿಗೆ ಹೊಡೆಯಬಾರದು. ಹಿಂದೆ ಕಾಣದ ಗಿಡವೊಂದು ಹೊಸದಾಗಿ ಕಂಡರೆ ಬೀದರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಂದು ರೆಂಬೆಯನ್ನು ಮುಚ್ಚಿದ ಚೀಲದಲ್ಲಿ ಒಯ್ದು ತೋರಿಸತಕ್ಕದ್ದು. ಪುಣೆಯಲ್ಲಿ ಮೊದಲು ಕಂಡ ನಾಲ್ಕಾರು ಗಿಡಗಳನ್ನು ಅಂದೇ ಕಿತ್ತಿದ್ದರೆ ಎಂಬ ಪಶ್ಚಾತ್ತಾಪವು ಇನ್ನೊಂದು ಗಿಡದ ವಿಷಯದಲ್ಲಿ ಬಾರದಿರಲಿ.

೭. ಉಪಸಂಹಾರ

ಸಾಹಿತ್ಯವನ್ನು ಬೋಧಿಸುವವರಿಗೆ ಇದರಲ್ಲಿ ಏನು ಪಾಲೆಂದು ಕೇಳಬಹುದು. ತುಂಬೆ, ಉತ್ತರಾಣಿ, ಎಕ್ಕ, ಗರಿಕೆಗಳು ಪೂಜೆಯಲ್ಲಿಯೂ ಮನೆಮದ್ದಿನಲ್ಲಿಯೂ ಕಾವ್ಯದಲ್ಲಿಯೂ ಕನ್ನಡಿಗರೊಡನೆ ಬಾಳಿದ ಸಸ್ಯಗಳು. ಇವು ಬೆಳೆಯುತ್ತಿದ್ದ ದಾರಿಯಂಚನ್ನೇ ಆಗಂತುಕವು ಹಿಡಿದಿದೆ. ಗಿಡವು ಕಣ್ಣಿನಿಂದ ಮರೆಯಾದರೆ ಅದರ ಹೆಸರು ಮೊದಲು ಬಾಯಿಂದ ಮರೆಯಾಗುವುದು. ಆಮೇಲೆ ಅರ್ಥಕೋಶದಲ್ಲಿ ‘ಒಂದು ಬಗೆಯ ಗಿಡ’ವೆಂದು ಉಳಿಯುವುದು. ತುಂಬೆಯ ಹೂವನ್ನು ಕಾಣದ ವಿದ್ಯಾರ್ಥಿಗೆ ಅದರ ಬಿಳುಪಿನ ಉಪಮೆಯನ್ನು ಯಾವ ಟೀಕೆಯೂ ತಿಳಿಸಲಾರದು.

ಇದೇ ಭಾಲ್ಕಿಯಲ್ಲಿ, ನಿಜಾಮರ ಆಳಿಕೆಯ ಕಾಲದಲ್ಲಿ, ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದುವಿನ ಫಲಕವನ್ನು ತೂಗುಹಾಕಿ ಒಳಗೆ ಕನ್ನಡವನ್ನು ಕಲಿಸಿದರೆಂಬುದು ಪ್ರಸಿದ್ಧ. ಮಾತನ್ನು ಉಳಿಸಿದ ನೆಲದಲ್ಲಿ ಆ ಮಾತಿನ ಅರ್ಥವಾದ ಗಿಡಗಳನ್ನು ಉಳಿಸುವುದೂ ಉಪಾಧ್ಯಾಯರಿಗೆ ಅನುಚಿತವಾದ ಕೆಲಸವಲ್ಲ. ೨೦೦೨ರ ಜೈವಿಕ ವೈವಿಧ್ಯ ಅಧಿನಿಯಮದ ಮೇರೆಗೆ ಗ್ರಾಮಪಂಚಾಯತಿಗಳಲ್ಲಿ ಜೀವವೈವಿಧ್ಯ ಸಮಿತಿಯೂ ಜನತಾ ದಾಖಲೆಯ ಪುಸ್ತಕವೂ ಇರತಕ್ಕದ್ದು. ಅದರಲ್ಲಿ ಊರಿನ ಗಿಡಗಳ ಹೆಸರನ್ನು ಕನ್ನಡ, ಮರಾಠಿ, ಉರ್ದು, ತೆಲುಗುಗಳಲ್ಲಿ ಸರಿಯಾಗಿ ಬರೆಯಿಸುವುದು, ನಾಡಿನದು ಯಾವುದು ಆಗಂತುಕ ಯಾವುದೆಂದು ಗುರುತಿಸಿಡುವುದು, ಶಬ್ದಶಾಸ್ತ್ರವನ್ನು ಬಲ್ಲವರಿಂದಲೇ ಚೆನ್ನಾಗಿ ಆಗತಕ್ಕ ಕೆಲಸ.

ಸಾರಾಂಶವಿಷ್ಟು: ಆಗಂತುಕಗಳ ಪ್ರಸಾರಕ್ಕೆ ನಿದಾನವು ಮನುಷ್ಯನ ಅಜಾಗ್ರತೆ. ಅದನ್ನು ವರ್ಜಿಸುವುದಕ್ಕೆ ಬೇಕಾದುದು ಮೂರು: ಹೆಸರಿನ ಜ್ಞಾನ, ಕಾಲದ ಜ್ಞಾನ, ಕೈಗಾಲುಗಳ ಶುದ್ಧಿ. ಹೆಸರನ್ನು ಉಪಾಧ್ಯಾಯನು ಕಲಿಸಲಿ. ಕಾಲವನ್ನು ಮಳೆಯ ನಕ್ಷತ್ರಗಳು ಹೇಳುವುವು. ಉಳಿದುದನ್ನು ಹೊಲದವನು ಎರಡು ಮಳೆಗೊಮ್ಮೆ ಬದುವನ್ನು ಸುತ್ತಿ ನೆರವೇರಿಸಬಲ್ಲನು.